ಟೆಂಪೆ ಹೆಪ್ಪು ಮುಷ್ಕರ ಹೂಡಿದಾಗ: ಎರಡು ತಿಂಗಳ ರಿಪೇರಿ ಡೈರಿ

ನಿನ್ನೆ ಬೆಳಗ್ಗೆ ಪೆಟ್ಟಿಗೆ ಮುಚ್ಚಳ ತೆಗೆದರೆ ಟೆಂಪೆ ಬೆಳ್ಳಗೆ, ಗಟ್ಟಿಯಾಗಿ, ಒತ್ತಿದರೂ ಬೆರಳು ಇಳಿಯದ ಹಾಗೆ ಕೂತಿತ್ತು. ಆಗಿದ್ದು 26 ಗಂಟೆ ಅಷ್ಟೇ. ನವೆಂಬರ್‌ನಲ್ಲಿ ಇದೇ ಹೆಪ್ಪು ಹಾಕಿ 40 ಗಂಟೆ ಕಾದರೂ ಕಾಳಿನ ಮೇಲೆ ಅಲ್ಲೊಂದು ಇಲ್ಲೊಂದು ಹತ್ತಿ ಚೂರು ಅಂಟಿಸಿದ ಹಾಗೆ ಕಾಣುತ್ತಿತ್ತು. ಮಧ್ಯೆ ಏನೇನಾಯಿತು ಅಂತ ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದೇನೆ. ಮೂರೂವರೆ ಸಲ ಮಾಡಿದ್ದನ್ನು ಎಸೆದಿದ್ದೇನೆ. ಆ ಅರ್ಧದ ಕತೆ ಕೆಳಗಿದೆ.

ಟೆಂಪೆ ಗೊತ್ತಿಲ್ಲದವರಿಗೆ ಎರಡು ಮಾತು. ಇಂಡೋನೇಷ್ಯಾದ ಜಾವಾ ಕಡೆಯ ತಿಂಡಿ. ಬೇಯಿಸಿದ ಸೋಯಾ ಕಾಳಿಗೆ ರೈಜೋಪಸ್ ಅನ್ನೋ ಬೂಷ್ಟಿನ ಹೆಪ್ಪು ಹಾಕಿ ಬೆಚ್ಚಗಿಟ್ಟರೆ, ಒಂದೂವರೆ ದಿನದಲ್ಲಿ ಬೂಷ್ಟಿನ ಬಿಳಿ ಎಳೆಗಳು ಕಾಳನ್ನೆಲ್ಲ ಹೆಣೆದು ಒಂದು ಹಲಗೆ ಮಾಡುತ್ತವೆ. ಅದನ್ನು ಪನೀರ್ ತರಹ ಕತ್ತರಿಸಿ ಹುರಿದು ತಿನ್ನೋದು. ಅಲ್ಲಿ ಹೆಪ್ಪಿಗೆ 'ರಾಗಿ' ಅಂತಾರೆ. ಮೊದಲ ಸಲ 'ರಾಗಿ ಟೆಂಪೆ' ಅಂತ ಓದಿ, ನಮ್ಮ ಮುದ್ದೆ ರಾಗಿ ಅಂದುಕೊಂಡು ಒಂದು ಇಡೀ ಸಂಜೆ ರಾಗಿ ನೆನೆಹಾಕಿ ಕೂತಿದ್ದೆ.

ಆಗಸ್ಟ್: ಹೆಪ್ಪು ಬಂದದ್ದು, ನಾನು ಹಾಳು ಮಾಡಿದ್ದು

ಕೊಂಡು ತಂದ 10 ಗ್ರಾಂ ಪ್ಯಾಕೆಟ್‌ನಿಂದ ಸ್ವಲ್ಪ ತೆಗೆದು, ಅನ್ನದ ಮೇಲೆ ಬೆಳೆಸಿ, ಕಪ್ಪಗಾದ ಮೇಲೆ ಒಣಗಿಸಿ ಪುಡಿ ಮಾಡಿದ್ದೆ. ಆ ಕಪ್ಪು ಪುಡಿಯಲ್ಲಿ ಇರೋದೇ ಬೀಜಕಣ, ಅಂದರೆ ಬೂಷ್ಟಿನ ಬೀಜ. ಸೆಪ್ಟೆಂಬರ್‌ನಲ್ಲಿ ಅದರಿಂದ ಎರಡು ಸಲ ಚೆನ್ನಾಗಿ ಬಂತು. ಆಮೇಲೆ ಎರಡು ತಪ್ಪು ಮಾಡಿದೆ. ಸ್ಟೀಲ್ ಡಬ್ಬಿಯನ್ನು ಒಲೆ ಪಕ್ಕದ ಶೆಲ್ಫಿನಲ್ಲೇ ಬಿಟ್ಟೆ. ಸಾಲದ್ದಕ್ಕೆ, ಬೀಜಕ್ಕೆ ಶಕ್ತಿ ಬರಲಿ ಅಂತ ಒಂದು ಚಮಚ ಸಕ್ಕರೆ ಪುಡಿ ಬೆರೆಸಿದೆ. ಬುದ್ಧಿವಂತ ಅಂದುಕೊಂಡಿದ್ದೆ ನನ್ನನ್ನು. ಮೂರು ವಾರದಲ್ಲಿ ಪುಡಿ ತೇವ ಎಳೆದುಕೊಂಡು ಗಂಟುಗಂಟಾಯಿತು.

ನವೆಂಬರ್ 15: ಏಳಲಿಲ್ಲ

ಅರ್ಧ ಕೆಜಿ ಸೋಯಾ, ಒಂದು ಚಮಚ ಹೆಪ್ಪು, ದಬ್ಬಣದಿಂದ ಸೆಂಟಿಮೀಟರಿಗೊಂದು ತೂತು ಹಾಕಿದ ಜಿಪ್ ಚೀಲ, ದಪ್ಪ ಎರಡೂವರೆ ಸೆಂ.ಮೀ. ಎಲ್ಲ ಎಂದಿನಂತೆಯೇ. 40 ಗಂಟೆಗೂ ಬರೀ ತೇಪೆ ತೇಪೆ. ಮೈಸೂರಲ್ಲಿ ರಾತ್ರಿ ಚಳಿ ಶುರುವಾಗಿತ್ತು, ಹಾಗಾಗಿ ಚಳಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾದೆ.

ನವೆಂಬರ್ 22: ಪೆಟ್ಟಿಗೆ ಕಟ್ಟಿದೆ, ಕಾಳು ಬೇಯಿತು

ಮೆಡಿಕಲ್ ಶಾಪಿನಿಂದ ಥರ್ಮೊಕೋಲ್ ಪೆಟ್ಟಿಗೆ, ಪುಕ್ಕಟೆ. ಶಾಖ ನೋಡಿಕೊಂಡು ಬಲ್ಬ್ ಹಚ್ಚಿ ಆರಿಸುವ ಥರ್ಮೋಸ್ಟಾಟ್ ಬೋರ್ಡ್ 180 ರೂಪಾಯಿ, 12 ವೋಲ್ಟ್ ಅಡಾಪ್ಟರ್ 160, 40 ವ್ಯಾಟ್ ಬಲ್ಬ್ 20, ಹೋಲ್ಡರ್ ಮತ್ತು ವೈರು 90. ಬಲ್ಬಿನ ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿದೆ, ಥರ್ಮೊಕೋಲ್ ಒಳಗೆ ಮೇನ್ಸ್ ಕರೆಂಟು ಅಂದರೆ ಆಟ ಅಲ್ಲ. ಬಲ್ಬಿಗೂ ಗೋಡೆಗೂ ನಾಲ್ಕು ಇಂಚು ಅಂತರ ಬಿಟ್ಟು, ಅದರ ಮೇಲೆ ತೂತಿನ ಟಿನ್ ಡಬ್ಬಿ ಕವುಚಿದ್ದೇನೆ.

31 ಡಿಗ್ರಿಗೆ ಇಟ್ಟು ಮಲಗಿದೆ. ಸೆನ್ಸರ್ ಪೆಟ್ಟಿಗೆಯ ಗಾಳಿಯಲ್ಲಿ ನೇತಾಡುತ್ತಿತ್ತು. ತಪ್ಪು ಅದೇ. ಬೂಷ್ಟು ಒಮ್ಮೆ ಬೆಳೆಯೋಕೆ ಶುರು ಮಾಡಿದರೆ ಅದೇ ಶಾಖ ಬಿಡುತ್ತೆ. ಗಾಳಿ 31 ಇದ್ದರೂ ಮರುದಿನ ರಾತ್ರಿ ಚೀಲದ ನಡುವೆ ಥರ್ಮಾಮೀಟರ್ ಚುಚ್ಚಿದರೆ 43. ಬೆಳೆದಿದ್ದ ಕಡೆಯೆಲ್ಲ ಕಂದು ಬಣ್ಣ, ಬೆಳೆಯದ ಕಡೆ ಲೋಳೆ, ಮೂಗಿಗೆ ಹೊಡೆಯುವ ಅಮೋನಿಯಾ. ಎಸೆದೆ. (ಒಂದು.)

ನವೆಂಬರ್ 29: ಶಾಖ ಸರಿಯಾಯಿತು, ಕಾಯಿಲೆ ಹೋಗಲಿಲ್ಲ

ಸೆನ್ಸರನ್ನು ಎರಡು ಚೀಲದ ಮಧ್ಯೆ ಸಿಕ್ಕಿಸಿದೆ. ಈಗ ಕಾಳಿನ ಶಾಖ 30ರಿಂದ 33ರ ಒಳಗೇ ಇತ್ತು. ಆದರೂ 22 ಗಂಟೆವರೆಗೆ ಏನೂ ಇಲ್ಲ, ಒಂದು ಬಿಳಿ ಚುಕ್ಕೆಯೂ ಇಲ್ಲ. 44 ಗಂಟೆಗೆ ಏನೋ ಒಂದು ಆಯಿತು. ತಿಂದೆವು, ಖುಷಿಯಿಂದ ಅಲ್ಲ. ಇಲ್ಲಿಗೆ ಚಳಿ ನಿರಪರಾಧಿ ಅಂತ ಗೊತ್ತಾಯಿತು.

ಡಿಸೆಂಬರ್ 6: ಹೆಪ್ಪು ಜಾಸ್ತಿ ಹಾಕಿ ನೋಡಿದೆ

ಮೊಸರು ಹೆಪ್ಪುಗಟ್ಟದಿದ್ದರೆ ಅಮ್ಮ ಇನ್ನೊಂದು ಚಮಚ ಹೆಪ್ಪು ಹಾಕುತ್ತಾಳೆ. ನಾನೂ ಅದನ್ನೇ ಮಾಡಿದೆ, ಒಂದರ ಬದಲು ಎರಡೂವರೆ ಚಮಚ. ಕಾಳೆಲ್ಲ ಬೂದಿ ಬಳಿದ ಹಾಗೆ ಕಂಡಿತು. ಸ್ವಲ್ಪ ಬೇಗ ಬಂತು ನಿಜ, ಆದರೆ ಗಂಟಿದ್ದ ಕಡೆ ಮಾತ್ರ. ಬಾಯಿಗಿಟ್ಟರೆ ಕಹಿ. ಎಸೆದೆ. (ಎರಡು.)

"ಬೂಷ್ಟು ಬಂದರೆ ಎಸೆಯೋದು ಕೇಳಿದ್ದೆ, ನೀನು ಬೂಷ್ಟು ಬರಲಿಲ್ಲ ಅಂತ ಎಸೀತೀಯಲ್ಲೋ," ಅಂದಳು ಅಮ್ಮ.

ಡಿಸೆಂಬರ್ 13–14: ಮೈಕ್ರೋಸ್ಕೋಪ್ ಕೆಳಗೆ

ಮಗಳು ಪಿಯುಸಿ. ಅವಳಿಗೆ ಅಂತ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಮನೆಯಲ್ಲೇ ಇತ್ತು, 400 ಪಟ್ಟು ದೊಡ್ಡದು ಮಾಡುತ್ತೆ. ಹೆಪ್ಪು ಸತ್ತಿದೆಯೋ ಬದುಕಿದೆಯೋ ಕಣ್ಣಲ್ಲೇ ನೋಡೋಣ ಅಂತ ಕೂತೆವು. ಹೋಲಿಸಿ ನೋಡೋಕೆ ಒಂದು ಹೊಸ ಪ್ಯಾಕೆಟ್ ತರಿಸಿದೆ. ಕೊರಿಯರ್ ಸೇರಿ 320.

ಮೊದಲ ಸಂಜೆ ಪೂರ್ತಿ ಹಾಳು. ಪುಡಿಯಲ್ಲಿ ಅಕ್ಕಿಯೂ ಇದೆಯಲ್ಲ, ಅಕ್ಕಿ ಪಿಷ್ಟದ ಕಣವೂ ಬೀಜಕಣವೂ ಹೆಚ್ಚುಕಡಿಮೆ ಒಂದೇ ಗಾತ್ರ. ನಾನು ಒಂದು ಗಂಟೆ ಎಣಿಸಿದ್ದು ಅಕ್ಕಿಹಿಟ್ಟನ್ನು. ಮಗಳಿಗೆ ಹೊಳೆಯಿತು: ಗಾಯಕ್ಕೆ ಹಚ್ಚುವ ಬೆಟಾಡಿನ್ ಒಂದು ತೊಟ್ಟನ್ನು ನೀರಲ್ಲಿ ಕದಡಿ ಸ್ಲೈಡಿಗೆ ಬಿಟ್ಟಳು. ಅಯೋಡಿನ್ ತಾಗಿದ ಹಿಟ್ಟೆಲ್ಲ ನೀಲಿಗಪ್ಪಾಯಿತು, ಬೀಜಕಣಗಳು ಮಾತ್ರ ಹಾಗೇ ಉಳಿದವು. ಅದಾದ ಮೇಲೆ ಗೊಂದಲ ಇಲ್ಲ.

ಮರುದಿನ, ಬೀಜಕಣ ಯಾವುದರಲ್ಲಿ ಮೊಳೆಯುತ್ತೆ ನೋಡೋಕೆ, ಐದು ಪುಟ್ಟ ಗಾಜಿನ ಬಾಟಲಿ ತೆಗೆದುಕೊಂಡು, ಒಂದೊಂದರಲ್ಲೂ 10 ಮಿ.ಲೀ.:

1. ಬರೀ ನೀರು
2. ಸಕ್ಕರೆ ನೀರು, 100 ಮಿ.ಲೀ.ಗೆ ಒಂದು ಗ್ರಾಂ ಲೆಕ್ಕದಲ್ಲಿ
3. ಸೋಯಾ ಬೇಯಿಸಿದ ಕಟ್ಟು
4. ಬ್ರೆಡ್ ಈಸ್ಟ್ ಕುದಿಸಿ ತೆಗೆದ ತಿಳಿ
5. ಈಸ್ಟ್ ತಿಳಿ, ಜೊತೆಗೆ ಸಕ್ಕರೆ

ಎಲ್ಲಕ್ಕೂ ಎರಡು ತೊಟ್ಟು ವಿನೆಗರ್, ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ 5ರ ಹತ್ತಿರ ಬರುವ ಹಾಗೆ. ಕುಕ್ಕರಿನಲ್ಲಿ 15 ನಿಮಿಷ. ಆರಿದ ಮೇಲೆ ಚಿಟಿಕೆ ಹಳೇ ಹೆಪ್ಪು, 32 ಡಿಗ್ರಿ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ. ಹೊಸ ಪ್ಯಾಕೆಟ್‌ಗೂ ಇಂಥದ್ದೇ ಇನ್ನೊಂದು ಸಾಲು.

ಈಸ್ಟ್ ಯಾಕೆ ಅಂದರೆ, ಲ್ಯಾಬಿನವರು ಬೂಷ್ಟು ಬೆಳೆಸೋಕೆ ಈಸ್ಟ್ ಎಕ್ಸ್‌ಟ್ರಾಕ್ಟ್ ಅಂತ ಬಳಸುತ್ತಾರೆ, ಅದರ ಬಡವರ ಮನೆ ಆವೃತ್ತಿ ಇದು. ಆದರೆ ಮೊದಲ ಸಲ ನಾನು ಸೋಮಾರಿತನ ಮಾಡಿ ನಾಲ್ಕನೇ ಮತ್ತು ಐದನೇ ಬಾಟಲಿಗೆ ಈಸ್ಟನ್ನು ಬರೀ ಬಿಸಿನೀರಲ್ಲಿ ಕದಡಿ ಹಾಕಿದ್ದೆ, ಕುಕ್ಕರಿಗೆ ಇಡಲಿಲ್ಲ. ನಾಲ್ಕು ಗಂಟೆಯ ನಂತರ ನೋಡಿದರೆ ಸ್ಲೈಡ್ ತುಂಬ ಉಬ್ಬಿದ, ಮೊಟ್ಟೆಯಾಕಾರದ ಕಣಗಳು. ಬೀಜಕಣ ಊದಿ ಬಾಲದಂಥ ಮೊಳಕೆ ಬಿಟ್ಟಿದೆ ಅಂದುಕೊಂಡು ಎದ್ದು ಕುಣಿಯೋದೊಂದು ಬಾಕಿ. ಮಗಳು ಹತ್ತು ನಿಮಿಷ ನೋಡಿ, "ಅಪ್ಪಾ, ಇದರ ಪಕ್ಕ ಒಂದು ಮರಿ ಅಂಟ್ಕೊಂಡಿದೆ, ಬಾಲ ಅಲ್ಲ ಇದು," ಅಂದಳು. ಅಷ್ಟರಲ್ಲಿ ಐದನೇ ಬಾಟಲಿಯ ಮುಚ್ಚಳ ಪುಸ್ ಅಂತ ಎದ್ದಿತು. ಅವೆಲ್ಲ ಜೀವ ಇದ್ದ ಈಸ್ಟು, ಸಕ್ಕರೆ ತಿಂದು ಸಂಸಾರ ಹೂಡಿದ್ದವು. ಎರಡನ್ನೂ ಚೆಲ್ಲಿ, ಈಸ್ಟ್ ನೀರನ್ನು 20 ನಿಮಿಷ ಕುದಿಸಿ, ಕುಕ್ಕರಿನಲ್ಲೂ ಕೂಗಿಸಿ ಮತ್ತೆ ಮಾಡಿದೆ.

ಈಗ ಎಣಿಕೆ. ಬೀಜಕಣದ ಅಗಲಕ್ಕಿಂತ ಬಾಲ ಉದ್ದ ಇದ್ದರೆ ಮಾತ್ರ ಮೊಳಕೆ ಅಂತ ಲೆಕ್ಕ. ನೋಡೋಕೆ ಹೆಸರುಕಾಳಿನ ಮೊಳಕೆಯೇ, ಬಹಳ ಸಣ್ಣದು ಅಷ್ಟೇ. ಪ್ರತಿ ಬಾಟಲಿಯಿಂದ ನೂರು ನೂರು ಎಣಿಸಿದೆವು.

ಬರೀ ನೀರಲ್ಲಿ ಹಳೇದೂ ಸೊನ್ನೆ, ಹೊಸದೂ ಸೊನ್ನೆ. ಸಕ್ಕರೆ ನೀರಲ್ಲಿ ಮಜಾ ಇತ್ತು. ಹೊಸ ಹೆಪ್ಪಿನ ಕಣಗಳು ನೆನೆದ ಕಡಲೆ ಹಾಗೆ ಊದಿಕೊಂಡಿದ್ದವು, ಎರಡರಷ್ಟು ದಪ್ಪ, ಆದರೆ ಬಾಲ ಬಂದಿದ್ದು ಮೂರಕ್ಕೆ. ಹಳೇದರಲ್ಲಿ ಕೆಲವು ಮಾತ್ರ ಊದಿದ್ದವು, ಬಾಲ ಒಂದಕ್ಕೂ ಇಲ್ಲ. ಸೋಯಾ ಕಟ್ಟಿನಲ್ಲಿ ಹೊಸದು 80ರ ಆಸುಪಾಸು, ಹಳೇದು 30. ಈಸ್ಟ್ ತಿಳಿಯಲ್ಲಿ ಹಳೇದು 48! ಸಕ್ಕರೆ ಸೇರಿಸಿದ ಐದನೇದರಲ್ಲಿ 51, ಅಂದರೆ ಎಣಿಸುವವನ ಕಣ್ಣು ದಣಿದದ್ದಷ್ಟೇ ವ್ಯತ್ಯಾಸ ಅನ್ನಬಹುದು.

ನನಗೆ ತಿಳಿದದ್ದು ಇಷ್ಟು. ಊದಿಕೊಳ್ಳೋಕೆ ಸಕ್ಕರೆ ಸಾಕು, ಬಾಲ ಬಿಡೋಕೆ ಸಾರಜನಕ ಬೇಕು, ಅದೂ ಈಸ್ಟ್ ತಿಳಿಯಲ್ಲಿರುವ ಹಾಗೆ ಪ್ರೋಟೀನು ಒಡೆದು ಚೂರಾಗಿ ನೀರಲ್ಲಿ ಕರಗಿದ್ದರೆ ಒಳ್ಳೆಯದು. ಹಳೇ ಹೆಪ್ಪಿನಲ್ಲಿ ಅರ್ಧದಷ್ಟು ಕಣ ಬದುಕೇ ಇದ್ದವು, ಗಾಢ ನಿದ್ದೆಯಲ್ಲಿದ್ದವು. ಹೊಸದಕ್ಕೆ ಕಾಳಿನ ಮೇಲಿನ ಅಲ್ಪಸ್ವಲ್ಪ ರಸ ಸಾಕಾಗುತ್ತಿತ್ತು, ಇವಕ್ಕೆ ಸಾಲದು. ಮೇಲಾಗಿ ನಾನು ಶುಚಿ ಅಂತ ಬೆಂದ ಕಾಳನ್ನು ಎರಡೆರಡು ಸಲ ನಲ್ಲಿ ಕೆಳಗೆ ಹಿಡಿದು, ಪಂಚೆ ತುಂಡಿನಲ್ಲಿ ಒರೆಸಿ, ಮೇಲಿದ್ದ ರಸವನ್ನೂ ಕಳೆಯುತ್ತಿದ್ದೆ. ಈ ತೊಳೆಯೋ ವಿಷಯ ನನ್ನ ಊಹೆ, ಬೇರೆಯಾಗಿ ಪರೀಕ್ಷೆ ಮಾಡಿಲ್ಲ. ಸಕ್ಕರೆ ಪುಡಿ ಬೆರೆಸಿದ್ದಂತೂ ಶುದ್ಧ ದಂಡ.

ಮಧ್ಯದಲ್ಲಿ ಒಂದು ಎಚ್ಚರಿಕೆ

ಅಮ್ಮ ಕೇಳಿದಳು, ಎಳನೀರೋ ತೆಂಗಿನ ಹಿಂಡಿಯೋ ಹಾಕಿದರೆ ಆಗಲ್ವಾ, ಅದರಲ್ಲೂ ಸತ್ವ ಇರುತ್ತಲ್ಲ ಅಂತ. ನಾನೂ ಯೋಚಿಸಿದ್ದೆ. ಆದರೆ ಟೆಂಪೆ ಜೊತೆ ತೆಂಗು ಬೇಡವೇ ಬೇಡ. ಜಾವಾದಲ್ಲಿ ತೆಂಗಿನ ಹಿಂಡಿಯಿಂದ ಮಾಡುವ 'ಟೆಂಪೆ ಬೊಂಕ್ರೆಕ್' ಅಂತ ಇತ್ತು. ಅದರಲ್ಲಿ ಒಂದು ಬ್ಯಾಕ್ಟೀರಿಯಾ ಸೇರಿಕೊಂಡರೆ ವಿಷ ಮಾಡುತ್ತೆ, ಬೇಯಿಸಿದರೂ ಹೋಗದ ವಿಷ. ಜನ ಸತ್ತಿದ್ದಾರೆ. 1988ರಲ್ಲಿ ಇಂಡೋನೇಷ್ಯಾ ಅದನ್ನು ನಿಷೇಧಿಸಿತು. ನಮ್ಮದು ತೆಂಗಿನ ನಾಡು, ಯಾರಿಗಾದರೂ ಈ ಯೋಚನೆ ಬಂದೇ ಬರುತ್ತೆ ಅಂತ ಇಲ್ಲಿ ಬರೆದೆ.

ಡಿಸೆಂಬರ್ 20: ನಿದ್ದೆ ಎಬ್ಬಿಸಿದೆ, ಮುಳುಗಿಸಿದೆ

ಯೋಜನೆ ಸರಳ. ಹೆಪ್ಪನ್ನು ಒಣ ಪುಡಿಯಾಗಿ ಉದುರಿಸುವ ಬದಲು, ಮೊದಲು ಈಸ್ಟ್ ತಿಳಿಯಲ್ಲಿ ನೆನೆಸಿ ಎಬ್ಬಿಸಿ, ಆಮೇಲೆ ಕಾಳಿಗೆ ಬೆರೆಸುವುದು. ಧಾರಾಳವಾಗಿರಲಿ ಅಂತ ಅರ್ಧ ಕೆಜಿ ಕಾಳಿಗೆ 50 ಮಿ.ಲೀ. ಸುರಿದೆ. ಕಾಳಿಗೆ ಒದ್ದೆ ಆಗೋದಿಲ್ಲ, ಬೂಷ್ಟಿಗೆ ಗಾಳಿ ಬೇಕು ಅನ್ನೋದು ಗೊತ್ತಿದ್ದೂ ಸುರಿದೆ. ಬೂಷ್ಟಿಗೆ ಹಾಕಿದ ಊಟಕ್ಕೆ ಬ್ಯಾಕ್ಟೀರಿಯಾ ಮೊದಲ ಪಂಕ್ತಿಯಲ್ಲೇ ಕೂತಿತು. 20 ಗಂಟೆಗೆ ಕಾಳು ಎತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆ, ವಾಸನೆ ಹಳೇ ಸಾಕ್ಸಿನದು. ಎಸೆದೆ. (ಮೂರು.)

ಡಿಸೆಂಬರ್ 27: ಮರೆತೆ

ಈ ಸಲ 10 ಮಿ.ಲೀ. ಮಾತ್ರ. ಕಾಳನ್ನು ಫ್ಯಾನ್ ಕೆಳಗೆ ಹರಡಿ ಆರಿಸಿದೆ. ಎಲ್ಲ ಸರಿ. ಅಷ್ಟರಲ್ಲಿ ಊರಿನಿಂದ ನೆಂಟರು ಬಂದರು, ಊಟ ಆಯಿತು, ಹರಟೆ ಆಯಿತು, ಎರಡು ಗಂಟೆ ನೆನೆಯಬೇಕಾದ ಹೆಪ್ಪು ಆರು ಗಂಟೆ ನೆನೆಯಿತು. ಬಾಟಲಿಯಲ್ಲಿ ನೋಡಿದರೆ ಬಾಲಕ್ಕೆ ಬಾಲ ಹೆಣೆದುಕೊಂಡು ಒಂದು ಪುಟ್ಟ ಹತ್ತಿ ಉಂಡೆ ತೇಲುತ್ತಿತ್ತು. ಚಮಚದಿಂದ ಒಡೆದು ಬೆರೆಸಿದೆ, ಸಮನಾಗಿ ಬೆರೆಯಲಿಲ್ಲ. ಚೀಲದ ಒಂದು ಅರ್ಧ ಬೆಳ್ಳಗೆ ಹಲಗೆ ಆಯಿತು, ಇನ್ನೊಂದು ಅರ್ಧ ಬೇಯಿಸಿದ ಸೋಯಾ ಕಾಳಾಗಿಯೇ ಉಳಿದು ಹುಳಿಯಿತು. ಕತ್ತರಿಸಿ ಒಂದನ್ನು ತಿಂದೆವು, ಒಂದನ್ನು ಎಸೆದೆ. (ಮೂರೂವರೆ.)

ಆದರೆ ಆ ತಿಂದ ಅರ್ಧ 28 ಗಂಟೆಗೆ ಆಗಿತ್ತು. ಅಲ್ಲಿಗೆ ದಾರಿ ಸರಿ ಇದೆ ಅಂತ ಧೈರ್ಯ ಬಂತು.

ಜನವರಿ 3: ಬಂತು

ನಾನು ಮಾಡಿದ್ದನ್ನು ಹಾಗೇ ಬರೆಯುತ್ತೇನೆ.

ಸೋಯಾ ಅರ್ಧ ಕೆಜಿ, ರಾತ್ರಿ ನೆನೆಸಿ, ಬೆಳಗ್ಗೆ ಸಿಪ್ಪೆ ಬಿಡಿಸಿದ್ದು. ಇದು ಅವರೆಕಾಯಿ ಕಾಲವಲ್ಲವೇ, ಅಮ್ಮ ಹಿತಕಿದ ಬೇಳೆ ಮಾಡುತ್ತಾ ಕೂತಿದ್ದಳು. ನನ್ನ ಪಾತ್ರೆಯನ್ನೂ ಎಳೆದುಕೊಂಡು ಹೆಬ್ಬೆರಳು ತೋರುಬೆರಳಲ್ಲಿ ಪಚಕ್ ಪಚಕ್ ಅಂತ ಹಿತಕಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು. ನನಗೆ ಇದೇ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು, ಅದೂ ಅರ್ಧ ಸಿಪ್ಪೆ ಉಳಿಸಿ. ಬೇಯುವಾಗ ಕೊನೆಗೆ ಮೂರು ಚಮಚ ವಿನೆಗರ್. ಬಸಿದು, ತೊಳೆಯದೆ, ಫ್ಯಾನ್ ಕೆಳಗೆ 40 ನಿಮಿಷ, ಕೈಗೆ ಅಂಟದ ಹಾಗೆ ಆರುವವರೆಗೆ.

ಈಸ್ಟ್ ತಿಳಿ: ಒಣ ಈಸ್ಟ್ ಒಂದು ಚಮಚ, ನೀರು 100 ಮಿ.ಲೀ., 20 ನಿಮಿಷ ಕುದಿಸಿ, ಅರ್ಧ ಗಂಟೆ ತಂಗಲು ಬಿಟ್ಟು ಮೇಲಿನ ತಿಳಿ ಮಾತ್ರ. ವಿನೆಗರ್ ಎರಡು ಮೂರು ತೊಟ್ಟು. ಬಾಟಲಿಯಲ್ಲಿ ಹಾಕಿ ಕುಕ್ಕರಿನಲ್ಲಿ 15 ನಿಮಿಷ. ಬಾಟಲಿ ಮುಚ್ಚಳ ಸಡಿಲ ಇರಲಿ, ಬಿಗಿ ಮಾಡಿ ಒಂದು ಒಡೆದಿದ್ದೇನೆ. ಪೂರ್ತಿ ಆರಿದ ಮೇಲೆ 10 ಮಿ.ಲೀ.ಗೆ ಅರ್ಧ ಚಮಚ ಹಳೇ ಹೆಪ್ಪು, 32 ಡಿಗ್ರಿಯಲ್ಲಿ ಎರಡು ಗಂಟೆ, ಆಗಾಗ ಅಲ್ಲಾಡಿಸುತ್ತಾ. ಮೊಬೈಲಿನಲ್ಲಿ ಅಲಾರಂ, ಈ ಸಲ ಎರಡೆರಡು. ಈ ಹೊತ್ತಿಗೆ ಸ್ಲೈಡಿನಲ್ಲಿ ನೋಡಿದರೆ ಹೆಚ್ಚಿನವು ಊದಿರುತ್ತವೆ, ಬಾಲ ಕೆಲವಕ್ಕೆ ಮಾತ್ರ ಚಿಗುರಿರುತ್ತೆ. ಬೆರೆಸೋಕೆ ಅದೇ ಸರಿಯಾದ ಸಮಯ.

ಕಾಳಿಗೆ ಒಂದು ದೊಡ್ಡ ಚಮಚ ಹುರಿದ ಅಕ್ಕಿಹಿಟ್ಟು ಹಾಕಿ, ಅದರ ಮೇಲೆ ಈ ದ್ರವ ಚಿಮುಕಿಸಿ, ಕೈಯಲ್ಲಿ ಮೂರು ನಿಮಿಷ ಬೆರೆಸಿದೆ. 14ನೇ ಗಂಟೆಗೆ ಚೀಲದ ಒಳಗೆ ಬೆವರು, ಬಿಳಿ ಮಂಜು. 16ಕ್ಕೆ ಬಲ್ಬ್ ಆರಿಸಿ ಮುಚ್ಚಳ ಓರೆ ಮಾಡಿದೆ. 27ಕ್ಕೆ ತೆಗೆದೆ. ಜನವರಿ 10ಕ್ಕೆ ಹಾಕಿದ್ದು 26ಕ್ಕೆ ಆಯಿತು. ಎರಡು ಸಲ ಒಂದೇ ತರಹ ಬಂದ ಮೇಲೇ ಇದನ್ನು ಬರೆಯೋಕೆ ಕೂತದ್ದು.

ಜನವರಿ 4–9: ಹೊಸ ಹೆಪ್ಪು, ಇಲ್ಲೂ ಒಂದು ಪಾಠ

ಮೊಳಕೆಗೆ ಸಾರಜನಕ ಅಷ್ಟು ಹಿಡಿಸುತ್ತೆ ಅಂದಮೇಲೆ ಹೊಸ ಹೆಪ್ಪು ಬೆಳೆಸುವ ಅನ್ನಕ್ಕೂ ಹಾಕಿದರೆ ಬೀಜ ಜಾಸ್ತಿ ಬರುತ್ತೆ ಅಂತ ಲೆಕ್ಕ ಹಾಕಿದೆ. ಮೂರು ಜಾಮ್ ಬಾಟಲಿ, ಒಂದೊಂದರಲ್ಲಿ 100 ಗ್ರಾಂ ಸೋನಾ ಮಸೂರಿ, ಉದುರುದುರಾಗಿ ಬೇಯಿಸಿದ್ದು. ಒಂದು ಬರೀ ಅಕ್ಕಿ. ಎರಡನೇದಕ್ಕೆ 5 ಗ್ರಾಂ ಸೋಯಾ ಹಿಟ್ಟು. ಮೂರನೇದಕ್ಕೆ ಒಂದು ಗ್ರಾಂ ಸೌದೆ ಒಲೆ ಬೂದಿ. ಬೂದಿ ನನ್ನ ತಲೆಯಿಂದ ಬಂದದ್ದಲ್ಲ, ಜಪಾನಿನಲ್ಲಿ ಕೋಜಿ ಅನ್ನೋ ಬೂಷ್ಟಿನ ಹೆಪ್ಪು ತಯಾರಿಸುವವರು ಅನ್ನಕ್ಕೆ ಮರದ ಬೂದಿ ಬೆರೆಸುತ್ತಾರೆ, ಖನಿಜ ಸಿಕ್ಕಿ ಬೀಜಕಣ ಚೆನ್ನಾಗಿ ಕಟ್ಟಲಿ ಅಂತ. ಅವರ ಬೂಷ್ಟು ಬೇರೆ, ಆದರೂ ನೋಡೋಣ ಅಂತ.

ಐದು ದಿನಕ್ಕೆ ಬರೀ ಅಕ್ಕಿಯದು ಮೇಲಿಂದ ಕೆಳಗಿನವರೆಗೆ ಬೂದುಗಪ್ಪು, ಅಲ್ಲಾಡಿಸಿದರೆ ಹೊಗೆ. ಸೋಯಾ ಹಿಟ್ಟಿನದು ದಪ್ಪ ಬಿಳಿ ಹಾಸಿಗೆ, ಒಳಗೆ ಒದ್ದೆ ಮುದ್ದೆ, ಕಪ್ಪು ಅಂಚಿನಲ್ಲಿ ಮಾತ್ರ. ಭತ್ತಕ್ಕೆ ಯೂರಿಯಾ ಜಾಸ್ತಿ ಸುರಿದರೆ ಗದ್ದೆಯೆಲ್ಲ ಹಸಿರೋ ಹಸಿರು, ತೆನೆ ಮಾತ್ರ ಜೊಳ್ಳು ಅಂತ ನಮ್ಮ ಮಾವ ಬೈಯೋದು ನೆನಪಾಯಿತು. ಎಬ್ಬಿಸೋಕೆ ಬೇಕಾದ ಊಟ ಬೀಜ ಕಟ್ಟಿಸೋಕೆ ಬೇಡ. ಬೂದಿಯದು ಮೊದಲನೇದರ ಹಾಗೇ ಇತ್ತು, ಒಂದು ಚೂರು ಜಾಸ್ತಿ ಕಪ್ಪು ಅಂತ ನನಗೆ, ಇಲ್ಲ ಅಂತ ಮಗಳಿಗೆ. ಒಂದೇ ಬಾಟಲಿ ನೋಡಿ ತೀರ್ಪು ಕೊಡೋಕಾಗಲ್ಲ.

ಒಣಗಿಸಿದ್ದು ಅದೇ ಪೆಟ್ಟಿಗೆಯಲ್ಲಿ, 37 ಡಿಗ್ರಿ, ಮುಚ್ಚಳ ಓರೆ, ಹಳೇ ಕಂಪ್ಯೂಟರ್ ಫ್ಯಾನ್ ಹಚ್ಚಿ ಎರಡು ದಿನ. ಮಿಕ್ಸಿ ಮುಚ್ಚಳವನ್ನು ಮಾಸ್ಕ್ ಇಲ್ಲದೆ ತೆಗೆದೆ. ಕಪ್ಪು ಧೂಳು ಮುಖಕ್ಕೆ ಎದ್ದು ಸಂಜೆವರೆಗೂ ಸೀನಿದೆ. ಮಾಸ್ಕ್ ಹಾಕಿ, ಮಿಕ್ಸಿಯನ್ನು ಹತ್ತು ನಿಮಿಷ ತಣ್ಣಗೆ ಕೂರಲು ಬಿಟ್ಟು ಆಮೇಲೆ ತೆಗೆಯಿರಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಈ ಸಲ ಸಕ್ಕರೆ ಇಲ್ಲ, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಫ್ರಿಜ್ಜು.

ಖರ್ಚು

ಪೆಟ್ಟಿಗೆ 450, ಥರ್ಮಾಮೀಟರ್ 250, ಸ್ಲೈಡು, ಈಸ್ಟು, ಪಿಎಚ್ ಪಟ್ಟಿ ಸೇರಿ 315, ಹೊಸ ಪ್ಯಾಕೆಟ್ 320, ಸೋಯಾ ಎಂಟು ಸಲಕ್ಕೆ 480. ಒಟ್ಟು 1,815. "ರೀ, ಆ 320 ರೂಪಾಯಿ ಪ್ಯಾಕೆಟ್ಟನ್ನೇ ಸುಮ್ನೆ ಕಾಳಿಗೆ ಹಾಕಿದ್ದರೆ ಆಗ್ತಿರಲಿಲ್ವಾ?" ಅಂತ ಮನೆಯವಳು ಕೇಳಿದಳು. ಆಗ್ತಿತ್ತು.

ಈಗ ಬಾಕಿ ಇರೋದು: ಹೊಸ ಹೆಪ್ಪಿನಿಂದ ತಿಂಗಳಿಗೊಂದು ಚಿಟಿಕೆ ತೆಗೆದು ಸೋಯಾ ಕಟ್ಟಿನಲ್ಲಿ ಹಾಕಿ ಎಣಿಸೋದು, ನೂರಕ್ಕೆ 60ಕ್ಕಿಂತ ಇಳಿದರೆ ಈಸ್ಟ್ ತಿಳಿ ಶುರು ಮಾಡೋದು. ಭಾನುವಾರಕ್ಕೆ ಸೋಯಾ ಬದಲು ಹಿತಕಿದ ಅವರೆಬೇಳೆಯಲ್ಲೇ ಒಂದು ಚೀಲ ಹಾಕುತ್ತೇನೆ. ಅಮ್ಮ ಎರಡು ಕೆಜಿ ಸೊಗಡಿನ ಕಾಯಿ ತರಿಸಿ ಬಿಡಿಸಿ ಇಟ್ಟಿದ್ದಾಳೆ, ಅರ್ಧ ಸಾರಿಗೆ, ಅರ್ಧ "ನಿನ್ನ ಬೂಷ್ಟಿಗೆ" ಅಂತ.